ಮೂರನೆಯವರ ತಕ್ಕಡಿ

ಯುಗಾದಿ ಕಳೆದ ಮೇಲಿನ ಭಾನುವಾರ. ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದೆ. ನಮ್ಮ ಚಳ್ಳಕೆರೆಯಲ್ಲಿ ಯಾವ ಮನೆಯ ಮುಂದೆ ಹಾದರೂ ಆ ವಾಸನೆ ಬರಬೇಕು, ಇಲ್ಲದಿದ್ದರೆ ಊರು ತಪ್ಪಿ ಬಂದೆವೇನೋ ಅನಿಸುತ್ತದೆ. ಅಷ್ಟರಲ್ಲಿ ಮಸ್ಕತ್ತಿನಿಂದ ಅಣ್ಣನ ಮಗನ ಫೋನು. ಅಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ಲೆಕ್ಕ ಬರೆಯುವ ಕೆಲಸ ಅವನಿಗೆ. ಫೋನಿನಲ್ಲೇ ಸಮುದ್ರ ತೋರಿಸಿದ. ದಡದಲ್ಲಿ ಬೋಳು ಕಲ್ಲುಗುಡ್ಡ, ಗುಡ್ಡದ ಮೇಲೆ ಎದುರುಬದುರು ಎರಡು ಕೋಟೆ.

"ಅತ್ತೆ, ನಮ್ಮ ದುರ್ಗದ ಹಾಗೇ ಇಲ್ವಾ? ಸಮುದ್ರ ಒಂದು ಜಾಸ್ತಿ. ಇಲ್ಲಿ ಟಿಪ್ಪು ಸುಲ್ತಾನ್ ಅಂಗಡಿ ಇಟ್ಟಿದ್ದನಂತೆ. ನೀವು ಇತಿಹಾಸದ ಟೀಚರ್ ಅಲ್ವಾ, ನಿಜಾನಾ ಹೇಳಿ."

ಶೇಂಗಾ ಸೀದೀತೆಂದು ಒಲೆ ಆರಿಸಿದೆ. "ನಿಜ ಕಣೋ" ಎಂದೆ. ಹೇಳಿದ್ದು ಅಷ್ಟೇ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಮೈಸೂರು ಯುದ್ಧಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಬಾಯಿಪಾಠ ಮಾಡಿಸಿದ್ದೇನೆ. ಆದರೆ ಆ ಯುದ್ಧಗಳ ಹಗ್ಗದ ಇನ್ನೊಂದು ತುದಿ ಅರಬರ ದಡಕ್ಕೆ ಕಟ್ಟಿತ್ತು ಎಂಬುದನ್ನು ಪಾಠದಲ್ಲಿ ಒಂದು ದಿನವೂ ಹೇಳಿರಲಿಲ್ಲ. ಆ ರಾತ್ರಿ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಓದುತ್ತ ಹೋದಂತೆ ರಾಜರ ಕತೆ ನಮ್ಮ ಮನೆಯ ಕತೆಯೊಳಗೆ ಬಂದು ಕೂತಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಂಗಡಿಯ ಮಾತು. ಟಿಪ್ಪು ಸುಲ್ತಾನನಿಗೆ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯೇ ಇತ್ತು. ಮಂಗಳೂರಿನ ಕಡೆಯಿಂದ ಅಕ್ಕಿ, ಗಂಧ, ಮೆಣಸು, ಏಲಕ್ಕಿ ಹಡಗಿನಲ್ಲಿ ಹೋಗುತ್ತಿದ್ದವು. 1786ರಲ್ಲಿ ತುರ್ಕಿಯ ಸುಲ್ತಾನನ ಬಳಿಗೆ ಅವನು ಕಳಿಸಿದ ರಾಯಭಾರಿಗಳು ಉತ್ತರ ಕನ್ನಡದ ತದಡಿಯಲ್ಲಿ ಹಡಗು ಹತ್ತಿ ಮೊದಲು ಇಳಿದದ್ದು ಮಸ್ಕತ್ತಿನಲ್ಲೇ. ಅಲ್ಲಿದ್ದ ತನ್ನ ಗುಮಾಸ್ತ ಮೀರ್ ಕಾಜಿಮನಿಗೆ ಟಿಪ್ಪು ಬರೆದ ಕಾಗದಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಅಲ್ಲಿಂದ ರೇಷ್ಮೆ ಹುಳುಗಳನ್ನೂ ಮೊಟ್ಟೆಗಳನ್ನೂ, ಅವನ್ನು ಸಾಕಬಲ್ಲವರನ್ನೂ ಕಳಿಸು ಎಂದು ಅದರಲ್ಲಿ ಅಪ್ಪಣೆಯಿದೆ. ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಇದನ್ನು ಓದಿ ಮೈ ಜುಮ್ಮೆಂದಿತು. ಆ ಹುಳು ಬಂದವೋ ಬದುಕಿದವೋ, ಬೇರೆ ಮಾತು. ಮೈಸೂರು ಸೀಮೆಗೂ ಆ ಮರಳು ದಡಕ್ಕೂ ನಡುವೆ ನೇರ ಮಾತುಕತೆ ಇತ್ತು, ಅದು ಮುಖ್ಯ. ನಡುವೆ ಮೂರನೆಯವರ ಅಪ್ಪಣೆ ಬೇಕಿರಲಿಲ್ಲ.

ಆ ಮೂರನೆಯವರು ಹೇಗೆ ಬಂದರು? ಬೆಣ್ಣೆಗಾಗಿ ಎರಡು ಬೆಕ್ಕು ಜಗಳವಾಡಿ ಮಂಗನ ಹತ್ತಿರ ನ್ಯಾಯಕ್ಕೆ ಹೋದ ಕತೆ ನಮಗೆಲ್ಲ ಗೊತ್ತಲ್ಲ, ಅಲ್ಲಿಂದಲೇ ಶುರು ಮಾಡೋಣ. ಕಂಪನಿಯವರನ್ನು ಬೈಯುವ ಮೊದಲು ನಮ್ಮ ದುರ್ಗದ ಸೀಮೆಯನ್ನೇ ನೋಡಬೇಕು. ನಾಯಕರು, ಪಾಳೆಯಗಾರರು ಅಂದರೆ ನಮಗೆ ಅಭಿಮಾನ. ಒನಕೆ ಓಬವ್ವನ ಹೆಸರು ಹೇಳಿದರೆ ಇವತ್ತಿಗೂ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಆದರೆ ಆ ನಾಯಕರು ಒಬ್ಬರಿಗೊಬ್ಬರು ಏನಾಗಿದ್ದರು?

1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಚಿತ್ರದುರ್ಗದವರ ಎದುರು ನಿಂತವರು ಬಿದನೂರು, ರಾಯದುರ್ಗ, ಹರಪನಹಳ್ಳಿ, ಸವಣೂರಿನವರು. ಎಲ್ಲರೂ ನೆರೆಹೊರೆ. ದುರ್ಗದ ಪರವಾಗಿ ಬಂದವನು ಆರ್ಕಾಟಿನ ನವಾಬರ ಬಳಗದ ಚಂದಾ ಸಾಹೇಬ. ಆ ದಿನ ದುರ್ಗದ ಮದಕರಿ ನಾಯಕ ಹರಪನಹಳ್ಳಿಯ ಸೋಮಶೇಖರ ನಾಯಕನ ಕೈಯಲ್ಲಿ ಸತ್ತ. ಚಂದಾ ಸಾಹೇಬ ಮಗನನ್ನು ಕಳೆದುಕೊಂಡು ತಾನೂ ಸೆರೆಯಾದ. ಮುಂದೆ ಇದೇ ಚಂದಾ ಸಾಹೇಬನ ಹೆಗಲ ಮೇಲೆ ಫ್ರೆಂಚರು, ಅವನ ಎದುರಾಳಿಯ ಹೆಗಲ ಮೇಲೆ ಇಂಗ್ಲಿಷರು ಕೋವಿ ಇಟ್ಟು ಆರ್ಕಾಟಿಗೆ ಬಡಿದಾಡಿದರು.

ಹದಿನೈದು ವರ್ಷ ದಾಟಿತು. ಬಿದನೂರಿನಲ್ಲಿ ರಾಣಿ ವೀರಮ್ಮಾಜಿ ಆಳುತ್ತಿದ್ದಳು. ಪಟ್ಟಕ್ಕೆ ಬರಬೇಕಾದ ಹುಡುಗ ಸತ್ತಿಲ್ಲ, ಇವನೇ ನೋಡಿ ಎಂದು ಒಬ್ಬ ತರುಣನನ್ನು ಹೈದರಾಲಿಯ ಮುಂದೆ ತಂದು ನಿಲ್ಲಿಸಿದವನು ನಮ್ಮ ದುರ್ಗದ ನಾಯಕನೇ. ಹೈದರನಿಗೆ ಅಷ್ಟೇ ಸಾಕಾಯಿತು. ಹಕ್ಕುದಾರನಿಗೆ ಹಕ್ಕು ಕೊಡಿಸುವ ನೆಪದಲ್ಲಿ 1763ರಲ್ಲಿ ಬಿದನೂರಿಗೆ ನುಗ್ಗಿದ. ಕೋಟೆ ಕೈಗೆ ಬಂದ ಮೇಲೆ ರಾಣಿಯನ್ನು ಮಧುಗಿರಿಯ ಸೆರೆಗೆ ಕಳಿಸಿದ. ಹಕ್ಕುದಾರನ ಗತಿ? ಅವನನ್ನೂ ಅದೇ ಸೆರೆಗೆ ಕಳಿಸಿದನೆಂದು ಮುಂದೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಬರೆದಿದ್ದಾನೆ. ಬೆಕ್ಕೂ ಹೋಯಿತು, ಬೆಣ್ಣೆಯೂ ಹೋಯಿತು. ದುರ್ಗದವರಾದರೂ ಉಳಿದರೇ? 1779ರಲ್ಲಿ ಅದೇ ಹೈದರ್ ಚಿತ್ರದುರ್ಗವನ್ನು ಹಿಡಿದು, ಕೊನೆಯ ಮದಕರಿ ನಾಯಕನನ್ನು ಪರಿವಾರ ಸಹಿತ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸಾವಿರಾರು ಬೇಡರ ಕುಟುಂಬಗಳೂ ಊರು ಬಿಟ್ಟು ಅವನ ಹಿಂದೆ ಹೋಗಬೇಕಾಯಿತು.

ಮೂರನೆಯವನು ಎಂದರೆ ಬಿಳಿಯನೇ ಆಗಬೇಕೆಂದಿಲ್ಲ. ಜಗಳವಿದ್ದಲ್ಲಿ ತಕ್ಕಡಿ ಹಿಡಿದು ಬರುವವನು ಯಾವ ಬಣ್ಣದವನೂ ಆಗಬಹುದು. ಕಂಪನಿಯವರು ಮಾಡಿದ ಹೊಸದು ಏನೆಂದರೆ, ತಕ್ಕಡಿಯ ಜೊತೆ ಕಾಗದವನ್ನೂ ತಂದರು.

ಈಗ ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಈಕೆಗೆ ಎರಡು ಸಾಲು ಸಿಕ್ಕರೆ ಹೆಚ್ಚು. ಕತ್ತಿ ಹಿಡಿಯಲಿಲ್ಲ, ಕುದುರೆ ಹತ್ತಲಿಲ್ಲ, ಅದಕ್ಕೇ ಇರಬೇಕು. ಕತ್ತಿ ಗೋಪಾಲರಾಜ ಅರಸರ ಮಗಳು, ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಗಂಡ ಸಿಂಹಾಸನದ ಮೇಲಿದ್ದಾಗಲೇ, 1761ರಲ್ಲಿ, ಅಧಿಕಾರ ಹೈದರಾಲಿಯ ಕೈಗೆ ಹೋಯಿತು. 1766ರಲ್ಲಿ ಗಂಡ ತೀರಿಕೊಂಡ. ಅವನ ಮಗ ನಂಜರಾಜ ಒಡೆಯರನ್ನು 1770ರಲ್ಲಿ ಕೊಲ್ಲಿಸಲಾಯಿತು. ಇನ್ನೊಬ್ಬ ಮಗನೂ 1776ರಲ್ಲಿ ಸತ್ತ. ಆಗ ಹೈದರ್ ಒಡೆಯರ ವಂಶದ ಕವಲುಗಳ ಮಕ್ಕಳನ್ನೆಲ್ಲ ಒಂದು ಕೋಣೆಗೆ ಕರೆಸಿ, ಹಣ್ಣು, ಆಟಿಕೆ, ಒಡವೆ ಹರಡಿಸಿದನಂತೆ. ಒಂದು ಮಗು ಒಂದು ಕೈಯಲ್ಲಿ ಕನ್ನಡಿ ಕೂರಿಸಿದ ಕಠಾರಿ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣು ಹಿಡಿಯಿತು. ಇವನೇ ರಾಜ ಎಂದ. ಅವನೇ ಖಾಸಾ ಚಾಮರಾಜ ಒಡೆಯರು. ರಾಜನನ್ನು ಆರಿಸುವುದು ಆಡುವ ಮಕ್ಕಳ ಆಟದಷ್ಟಕ್ಕೆ ಇಳಿದಿತ್ತು.

ಇದನ್ನೆಲ್ಲ ಅಂತಃಪುರದಲ್ಲಿ ಕೂತು ನೋಡಿದವಳು ಲಕ್ಷ್ಮಮ್ಮಣ್ಣಿ. ಸುತ್ತ ಕಾವಲು. ಹೊರಗೆ ಕಾಗದ ಹೋದದ್ದು ಗೊತ್ತಾದರೆ ಪ್ರಾಣಕ್ಕೆ ಸಂಚಕಾರ. ಆದರೂ ಆಕೆ ತಿರುಮಲರಾವ್, ನಾರಾಯಣರಾವ್ ಎಂಬ ಅಣ್ಣತಮ್ಮಂದಿರ ಮೂಲಕ ಮದರಾಸಿನ ಇಂಗ್ಲಿಷರ ಜೊತೆ ಮಾತುಕತೆ ನಡೆಸಿದಳು. ಒಂದೆರಡು ವರ್ಷವಲ್ಲ, ಹತ್ತಾರು ವರ್ಷ. 1782ರ ಅಕ್ಟೋಬರ್ 28ರಂದು ಆಕೆಯ ಪರವಾಗಿ ತಿರುಮಲರಾವ್ ಕಂಪನಿಯೊಡನೆ ಕರಾರು ಮಾಡಿಕೊಂಡ. ರಾಜ್ಯವನ್ನು ಗೆದ್ದು ಒಡೆಯರಿಗೆ ಒಪ್ಪಿಸುವುದು, ಗೆದ್ದ ಸೀಮೆ ಸೀಮೆಗೂ ಇಷ್ಟಿಷ್ಟು ವರಹ ಕಂಪನಿಗೆ ಕೊಡುವುದು, ಹೀಗೆ ಷರತ್ತು. ಮರುವರ್ಷ ಶ್ರೀರಂಗಪಟ್ಟಣದೊಳಗೆ ನಡೆದ ಒಳಸಂಚು ಬಯಲಾಗಿ, ಅದರಲ್ಲಿದ್ದವರು ತಲೆ ಕಳೆದುಕೊಂಡರು. ಆಮೇಲೆ 1784ರ ಮಾರ್ಚಿನಲ್ಲಿ ಕಂಪನಿಯವರು ಮಂಗಳೂರಿನಲ್ಲಿ ಟಿಪ್ಪುವಿನ ಜೊತೆ ರಾಜಿ ಮಾಡಿಕೊಂಡರು! ರಾಣಿಯ ಕರಾರು ಪೆಟ್ಟಿಗೆ ಸೇರಿತು.

ನಾನು ಇದನ್ನು ತರಗತಿಯಲ್ಲಿ ಹೇಳಿದಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು, "ಮಿಸ್, ಒಂದು ಸಲ ಮೋಸ ಹೋದ ಮೇಲೂ ರಾಣಿ ಅವರನ್ನೇ ಯಾಕೆ ನಂಬಿದರು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೆ ತೋಚಿದ ಉತ್ತರ ಇಷ್ಟು. ಆಕೆ ನಂಬಲಿಲ್ಲ, ಆಕೆಗೆ ಬೇರೆ ಬಾಗಿಲು ಇರಲಿಲ್ಲ. ಬಾಗಿಲು ಒಂದೇ ಇದ್ದಾಗ ಅಲ್ಲಿ ನಿಂತವನ ಮುಖ ನೋಡುತ್ತ ಕೂರುವುದಕ್ಕೆ ಆಗುವುದಿಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1796ರಲ್ಲಿ ಖಾಸಾ ಚಾಮರಾಜರು ತೀರಿಕೊಂಡಾಗ ಟಿಪ್ಪು ಹೊಸ ರಾಜನನ್ನು ಕೂರಿಸುವ ಗೋಜಿಗೇ ಹೋಗಲಿಲ್ಲ. ರಾಜಕುಟುಂಬವನ್ನು ಅರಮನೆಯಿಂದ ಹೊರಗೆ ಹಾಕಿ, ಒಂದು ಸಾಧಾರಣ ಮನೆಯಲ್ಲಿ ಇಡಲಾಯಿತು. ಅಲ್ಲಿ ಎರಡು ವರ್ಷದ ಗಂಡು ಕೂಸು ಒಂದಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಸತ್ತ. ಈಗ ಗವರ್ನರ್ ಜನರಲ್ ವೆಲ್ಲೆಸ್ಲಿಯ ಮುಂದೆ ಎರಡು ಮನೆತನಗಳು. ಒಂದು ಕಡೆ ಟಿಪ್ಪುವಿನ ಮಕ್ಕಳು, ಇನ್ನೊಂದು ಕಡೆ ಒಡೆಯರ ಐದು ವರ್ಷದ ಮಗು. ಇಡೀ ರಾಜ್ಯವನ್ನು ತಾವೂ ನಿಜಾಮನೂ ನುಂಗಿದರೆ ಮರಾಠರು ಕೆರಳುತ್ತಾರೆ. ಟಿಪ್ಪುವಿನ ಮಕ್ಕಳನ್ನು ಕೂರಿಸಿದರೆ ಅಪ್ಪನ ಸಿಂಹಾಸನದ ನೆನಪು ಅವರನ್ನು ಸುಮ್ಮನಿರಲು ಬಿಡುವುದಿಲ್ಲ. ಒಡೆಯರ ಮಗುವಾದರೆ ಎಲ್ಲವೂ ಕಂಪನಿಯ ಕೃಪೆಯಿಂದ ಬಂದದ್ದು, ಋಣಿಯಾಗಿರುತ್ತದೆ. ಲೆಕ್ಕ ಹೀಗೆ. ಲಕ್ಷ್ಮಮ್ಮಣ್ಣಿಯ ನಲವತ್ತು ವರ್ಷದ ಹಂಬಲ, ಹಳೆಯ ಕರಾರು, ವಂಶದ ಹಕ್ಕು ಇವು ಆ ಲೆಕ್ಕದಲ್ಲಿ ಒಗ್ಗರಣೆಯ ಸಾಸಿವೆಯಷ್ಟು.

ಆದರೂ ಆಕೆಯ ಹಟ ಗೆದ್ದಿತು ಎನ್ನಲೇಬೇಕು. 1799ರ ಜೂನ್ 30ರಂದು ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಕಂಪನಿಯ ಕಮಿಷನರುಗಳಿಗೆ ಒಪ್ಪಿಗೆಯ ಕಾಗದ ಬರೆದವರು ಲಕ್ಷ್ಮಮ್ಮಣ್ಣಿ ಮತ್ತು ದೇವಾಜಮ್ಮಣ್ಣಿ, ಇಬ್ಬರು ಹೆಂಗಸರು. ಟಿಪ್ಪುವಿನ ಮಕ್ಕಳು ವೇಲೂರಿನ ಕೋಟೆಗೆ ಹೋದರು. 1806ರಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಅವರನ್ನು ಇನ್ನೂ ದೂರ, ಕಲ್ಕತ್ತೆಗೆ ಸಾಗಿಸಿದರು. ಜೀವ ಒತ್ತೆಯಿಟ್ಟು ಓಡಾಡಿದ ತಿರುಮಲರಾವ್‌ಗೆ ಪ್ರಧಾನಿ ಪಟ್ಟ ಸಿಗಲಿಲ್ಲ. ಅದು ಟಿಪ್ಪುವಿನ ಬಳಿ ಇದ್ದ, ಆಡಳಿತ ಬಲ್ಲ ಪೂರ್ಣಯ್ಯನಿಗೆ ಹೋಯಿತು.

ಜುಲೈ 8ರ ಒಪ್ಪಂದದಲ್ಲಿ ಮೂರು ಮಾತು ನೆನಪಿಡಿ. ಒಂದು, ಕಂಪನಿಯ ಸೈನ್ಯದ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು. ಎರಡು, ಆ ಹಣಕ್ಕೆ ತೊಂದರೆಯಾದೀತು ಎನಿಸಿದರೆ ಕಂಪನಿ ಆಡಳಿತವನ್ನೇ ತೆಗೆದುಕೊಳ್ಳಬಹುದು. ಮೂರು, ಕಂಪನಿಗೆ ತಿಳಿಯದಂತೆ ಬೇರೆ ಯಾವ ರಾಜ್ಯದ ಜೊತೆಗೂ ಮೈಸೂರು ಪತ್ರ ವ್ಯವಹಾರ ಮಾಡಕೂಡದು. ಎರಡನೆಯ ಮಾತಿನ ಬಲದಿಂದಲೇ, ನಗರ ಸೀಮೆಯ ರೈತರು ದಂಗೆಯೆದ್ದ ನೆಪದಲ್ಲಿ, 1831ರಲ್ಲಿ ಆಡಳಿತವನ್ನು ಕಿತ್ತುಕೊಂಡರು. ಅದು ಹಿಂದಿರುಗಿದ್ದು 1881ರ ಮಾರ್ಚ್ 25ಕ್ಕೆ, ಕೃಷ್ಣರಾಜರು ತೀರಿಕೊಂಡು ಹದಿಮೂರು ವರ್ಷವಾದ ಮೇಲೆ, ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರ ಕೈಗೆ.

ಆದರೆ ನನಗೆ ಮೂರೂ ಷರತ್ತುಗಳಲ್ಲಿ ಮೂರನೆಯದೇ ಹೆಚ್ಚು ಕ್ರೂರವೆಂದು ಕಾಣುತ್ತದೆ. ಹಣ ಕೊಟ್ಟು ತೀರಿಸಬಹುದು. ರಾಜ್ಯ ಐವತ್ತು ವರ್ಷದ ಮೇಲಾದರೂ ಬರಬಹುದು. ನೆರೆಯವರ ಜೊತೆ ಮಾತು ನಿಂತರೆ ಅದನ್ನು ಹಿಂದಕ್ಕೆ ಕೊಡುವವರು ಯಾರು?

ಈ ಏರ್ಪಾಡನ್ನು ಬರೆದಿಟ್ಟ ಕಮಿಷನ್ನಿಗೆ ಇಬ್ಬರು ತರುಣ ಕಾರ್ಯದರ್ಶಿಗಳಿದ್ದರು. ಒಬ್ಬ ಥಾಮಸ್ ಮನ್ರೋ, ಇನ್ನೊಬ್ಬ ಜಾನ್ ಮಾಲ್ಕಂ. ಮರುವರ್ಷವೇ, 1800ರಲ್ಲಿ, ನಿಜಾಮ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಅನಂತಪುರ, ಕಡಪದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಕಲೆಕ್ಟರಾಗಿ ಬಂದವನು ಮನ್ರೋ. ಹೀಗೆ ರಾಯದುರ್ಗ ಮದರಾಸಿನವರದಾಯಿತು, ಕೂಗಳತೆಯ ಮೊಳಕಾಲ್ಮುರು ಮೈಸೂರಿನದಾಯಿತು. ಅವತ್ತಿನ ಗೆರೆ ಇವತ್ತಿಗೂ ಅಳಿಸಿಲ್ಲ. ಆಚೆ ಆಂಧ್ರ, ಈಚೆ ಕರ್ನಾಟಕ.

ಮಾಲ್ಕಂ ಹೋದದ್ದೆಲ್ಲಿಗೆ? ಹಡಗು ಹತ್ತಿ ಮಸ್ಕತ್ತಿಗೆ! ಅಣ್ಣನ ಮಗ ತೋರಿಸಿದ ಅದೇ ದಡಕ್ಕೆ. ನೆಪೋಲಿಯನ್ ಈಜಿಪ್ಟಿನಿಂದ ಟಿಪ್ಪುವಿಗೂ ಮಸ್ಕತ್ತಿನವನಿಗೂ ಕಾಗದ ಬರೆದಿದ್ದ, ಅವು ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿದ್ದವು. ಮಸ್ಕತ್ತಿನ ಸುಲ್ತಾನ್ ಬಿನ್ ಅಹ್ಮದನಿಂದ ಫ್ರೆಂಚರನ್ನು ಸೇರಿಸುವುದಿಲ್ಲವೆಂಬ ಮಾತನ್ನು 1798ರ ಅಕ್ಟೋಬರಿನಲ್ಲೇ ಬರೆಸಿಕೊಂಡಿದ್ದರು. 1800ರ ಜನವರಿಯಲ್ಲಿ ಮಾಲ್ಕಂ ಹೋಗಿ, ಕಂಪನಿಯ ಪ್ರತಿನಿಧಿ ಅಲ್ಲೇ ನೆಲೆಸಬೇಕೆಂಬ ಕರಾರಿಗೂ ಸಹಿ ಹಾಕಿಸಿದ. ಶ್ರೀರಂಗಪಟ್ಟಣದಲ್ಲಿ ಅದ್ದಿದ ಲೇಖನಿಯ ಮಸಿ ಇನ್ನೂ ಆರಿರಲಿಲ್ಲ.

ಆಮೇಲಿನದು ಒಂದೇ ಅಚ್ಚಿನ ಬೆಲ್ಲ. 1819ರ ಕೊನೆಯಲ್ಲಿ ಬೊಂಬಾಯಿಯಿಂದ ಹೋದ ಹಡಗುಗಳು ರಾಸ್ ಅಲ್ ಖೈಮಾದ ಕೋಟೆಯನ್ನು ಕೆಡವಿ, ಖಾಸಿಮಿ ಮನೆತನದ ನೌಕೆಗಳನ್ನು ಸುಟ್ಟವು. 1820ರಲ್ಲಿ ದಡದ ಶೇಖರೆಲ್ಲ ಒಪ್ಪಂದಕ್ಕೆ ಸಹಿ ಹಾಕಿದರು. ಯಾರು ಬಂದು ಸಹಿ ಹಾಕಿದರೋ ಅವರ ಮನೆತನವೇ ಆ ಊರಿನ ಆಳುವ ಮನೆತನವೆಂದು ಗಟ್ಟಿಯಾಯಿತು. 1853ರಲ್ಲಿ, ಸಮುದ್ರದ ಮೇಲೆ ಇನ್ನೆಂದೂ ಜಗಳವಾಡುವುದಿಲ್ಲ, ತಕರಾರಿದ್ದರೆ ಬ್ರಿಟಿಷರ ಮುಂದೆ ತರುತ್ತೇವೆ ಎಂದು ಬರೆದುಕೊಟ್ಟರು. 1892ರ ಒಪ್ಪಂದದಲ್ಲಂತೂ, ಬ್ರಿಟಿಷರನ್ನು ಬಿಟ್ಟು ಬೇರೆ ಯಾವ ಸರ್ಕಾರದ ಜೊತೆಗೂ ಪತ್ರ ವ್ಯವಹಾರ ಮಾಡುವುದಿಲ್ಲ ಎಂಬ ಮಾತು. ಮೈಸೂರಿನ ಮೂರನೆಯ ಷರತ್ತು ನೆನಪಾಯಿತೇ? ಹುಡುಗನಿಗೆ ಹೊಲಿದ ಅಂಗಿಯನ್ನೇ ತೊಂಬತ್ತಮೂರು ವರ್ಷದ ಮೇಲೆ ಇನ್ನೊಬ್ಬನಿಗೆ ತೊಡಿಸಿದ ಹಾಗೆ.

ಅಣ್ಣತಮ್ಮಂದಿರ ಕತೆಯನ್ನೂ ಕೇಳಿ. ಮಸ್ಕತ್ತಿನ ಸಯೀದ್ ಬಿನ್ ಸುಲ್ತಾನ್ ಒಮಾನನ್ನೂ ಆಫ್ರಿಕದ ಜಂಜಿಬಾರನ್ನೂ ಒಟ್ಟಿಗೆ ಆಳಿದವನು. ಅವನು 1856ರಲ್ಲಿ ಸತ್ತ. ಒಬ್ಬ ಮಗ ಥುವೈನಿ ಮಸ್ಕತ್ತಿನಲ್ಲಿ, ಇನ್ನೊಬ್ಬ ಮಾಜಿದ್ ಜಂಜಿಬಾರಿನಲ್ಲಿ. ಇಬ್ಬರಿಗೂ ಆಗಲಿಲ್ಲ. ಥುವೈನಿ ಹಡಗು ಕಟ್ಟಿಕೊಂಡು ಹೊರಟಾಗ ಬ್ರಿಟಿಷರು ತಡೆದು, ನ್ಯಾಯ ನಾವು ಹೇಳುತ್ತೇವೆ ಎಂದರು. ನ್ಯಾಯ ಹೇಳಿದವನು ಕಲ್ಕತ್ತೆಯಲ್ಲಿ ಕೂತ ವೈಸರಾಯ್ ಕ್ಯಾನಿಂಗ್. 1861ರ ಏಪ್ರಿಲ್‌ನಲ್ಲಿ ಅವನ ತೀರ್ಪು ಬಂತು. ರಾಜ್ಯ ಎರಡು ಪಾಲು. ಜಂಜಿಬಾರಿನವನು ಮಸ್ಕತ್ತಿನವನಿಗೆ ವರ್ಷಕ್ಕೆ 40,000 ಬೆಳ್ಳಿ ನಾಣ್ಯ ಕೊಡಬೇಕು. ಮುಂದೆ ಜಂಜಿಬಾರಿನವರು ಕೊಡುವುದನ್ನು ನಿಲ್ಲಿಸಿದರು. ಕೊನೆಗೆ ಆ ಹಣವನ್ನು ಬ್ರಿಟಿಷ್ ಸರ್ಕಾರವೇ ಕೊಡತೊಡಗಿತು. ಕೊಡುವವರ ಕೈ ಮೇಲೆ, ತೆಗೆದುಕೊಳ್ಳುವವರ ಕೈ ಕೆಳಗೆ.

ಅದೇ 1861ರಲ್ಲಿ ಅದೇ ಕ್ಯಾನಿಂಗನ ಮೇಜಿಗೆ ಇನ್ನೊಂದು ಕಾಗದ ಬಂದಿತ್ತು. ಬರೆದವರು ನಮ್ಮ ಮುಮ್ಮಡಿ ಕೃಷ್ಣರಾಜರು. ಅರವತ್ತಾರು ದಾಟಿದ್ದ ಆ ಮುದುಕ, ನನ್ನ ರಾಜ್ಯ ನನಗೆ ಕೊಡಿ ಎಂದು ಕೇಳಿದ್ದರು. ಆಗುವುದಿಲ್ಲ ಎಂಬ ಉತ್ತರ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯಿದೆಯಲ್ಲ, ಎರಡು ಮನೆತನಗಳ ನಡುವೆ ಗೊಂಬೆಯಂತೆ ಪಟ್ಟವೇರಿದ ಆ ಕೂಸು ಬಡವಾಗಿಯೇ ಮುದುಕಾಯಿತು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೂರನೆಯವರ ನೆರಳಿನಲ್ಲಿ ನಿಂತ ಮನೆತನಗಳು ಉಳಿದವು. ಒಡೆಯರು ಸ್ವಾತಂತ್ರ್ಯದವರೆಗೆ ಆಳಿದರು. ಅವರ ಕಾಲದಲ್ಲೇ ನಮಗೆ ವಾಣಿವಿಲಾಸ ಸಾಗರ ಬಂತು, ಹೆಣ್ಣುಮಕ್ಕಳಿಗೆ ಶಾಲೆ ಬಂತು. ಕೊಲ್ಲಿಯಲ್ಲೂ ಬ್ರಿಟಿಷರು 1971ರಲ್ಲಿ ಹೊರಟ ಮೇಲೆ ಅವರು ಒಪ್ಪಿದ್ದ ಮನೆತನಗಳೇ ಇಂದಿಗೂ ಆಳುತ್ತಿವೆ. ಬೆಣ್ಣೆಯೆಲ್ಲ ಮಂಗನೇ ತಿಂದಿತು ಎನ್ನಲಾಗದು. ಆದರೆ ಎರಡು ಬೆಕ್ಕುಗಳು ಮತ್ತೆಂದೂ ಒಂದು ತಟ್ಟೆಗೆ ಬಾಯಿ ಹಾಕಲಿಲ್ಲ.

ಈಗ ನಮ್ಮ ಮನೆಯ ಮಾತು. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಒಂದರಲ್ಲಿ ಅಪ್ಪ, ಒಂದರಲ್ಲಿ ಚಿಕ್ಕಪ್ಪ. ನಾನು ಎಂಟನೇ ತರಗತಿಯಲ್ಲಿದ್ದಾಗ ಇಬ್ಬರಿಗೂ ಜಗಳವಾಯಿತು. ಕಾರಣ ಒಂದು ಸೀರೆಯ ಹಣ. ಅಜ್ಜಿ ಇದ್ದಿದ್ದರೆ ಇಬ್ಬರನ್ನೂ ಕೂರಿಸಿ ಮುದ್ದೆ ಬಡಿಸಿ ಮುಗಿಸುತ್ತಿದ್ದಳು, ಅವಳು ಆಗಲೇ ಇರಲಿಲ್ಲ. ಊರಿನ ಒಬ್ಬ ಸಾಹುಕಾರ ಪಂಚಾಯ್ತಿಗೆ ಬಂದ. ಬಹಳ ಮೆತ್ತಗಿನ ಮಾತಿನವನು. "ಅಣ್ಣತಮ್ಮಂದಿರು ಬೀದಿಗೆ ಬರಬಾರದು. ಇಬ್ಬರ ಸಾಲವೂ ನನಗಿರಲಿ. ರೇಷ್ಮೆ, ಜರಿ ನಾನು ಕೊಡುತ್ತೇನೆ, ನೇಯ್ದ ಸೀರೆ ನನಗೇ ಕೊಡಿ. ಒಬ್ಬರ ಲೆಕ್ಕ ಇನ್ನೊಬ್ಬರು ಕೇಳಬೇಡಿ, ಏನಿದ್ದರೂ ನನ್ನ ಹತ್ತಿರ ಹೇಳಿ" ಎಂದ. ಅಪ್ಪನಿಗೂ ಚಿಕ್ಕಪ್ಪನಿಗೂ ಅದು ನ್ಯಾಯವಾಗಿಯೇ ಕಂಡಿತು. ಮನೆಯ ನಡುವೆ ಗೋಡೆ ಎದ್ದಿತು. ಮೂರು ವರ್ಷದಲ್ಲಿ ಸ್ವಂತ ಮಗ್ಗದ ಇಬ್ಬರೂ ಅವನ ಕೂಲಿ ನೇಕಾರರಾದರು. ಅಪ್ಪನಿಗೆ ಎಷ್ಟು ಕೂಲಿ ಎಂದು ಚಿಕ್ಕಪ್ಪನಿಗೆ ಗೊತ್ತಿಲ್ಲ, ಚಿಕ್ಕಪ್ಪನಿಗೆ ಎಷ್ಟು ಎಂದು ಅಪ್ಪನಿಗೆ ಗೊತ್ತಿಲ್ಲ. ಇಬ್ಬರಿಗೂ ಕಡಿಮೆಯೇ ಕೊಡುತ್ತಿದ್ದ ಎಂದು ತಿಳಿಯುವ ಹೊತ್ತಿಗೆ ಚಿಕ್ಕಪ್ಪ ಸಂಸಾರ ಕಟ್ಟಿಕೊಂಡು ರಾಯದುರ್ಗಕ್ಕೆ ಹೋಗಿಯಾಗಿತ್ತು.

ಚಿಕ್ಕಪ್ಪನ ಮಗಳು ನನಗಿಂತ ಎರಡು ವರ್ಷ ಚಿಕ್ಕವಳು. ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು ನಾವು. ಗೋಡೆ ಎದ್ದ ದಿನದಿಂದ ಮಾತು ನಿಂತಿತು. ಅವಳ ಮದುವೆಗೆ ನಾನು ಹೋಗಲಿಲ್ಲ, ನನ್ನ ಮದುವೆಗೆ ಅವಳು ಬರಲಿಲ್ಲ. ಅಪ್ಪ ಸತ್ತಾಗ ಚಿಕ್ಕಪ್ಪ ಬಂದು ದೂರದಲ್ಲಿ ನಿಂತು ಹೋದನಂತೆ. ನಾನು ನೋಡಲಿಲ್ಲ, ಯಾರೋ ಹೇಳಿದರು. ನಮಗೆ ಬರುತ್ತಿದ್ದ ಸುದ್ದಿಯೆಲ್ಲ ಹೀಗೆ ಯಾರೋ ಹೇಳಿದ್ದೇ. ಈಗ ಚಿಕ್ಕಪ್ಪನೂ ಇಲ್ಲ.

ಆ ಹಳೆಯ ಮಗ್ಗದ ಮನೆ ಮಾತ್ರ ಇನ್ನೂ ಎರಡೂ ಕಡೆಯವರ ಹೆಸರಿನಲ್ಲಿ ಹಾಗೇ ಬಿದ್ದಿದೆ. ಕಳೆದ ವರ್ಷದಿಂದ ಒಬ್ಬ ಜಾಗದ ದಲ್ಲಾಳಿ ನಮ್ಮ ಮನೆಗೆ ಓಡಾಡುತ್ತಿದ್ದ. "ಮೇಡಂ, ಅವರ ಕಡೆಯವರು ಸ್ವಲ್ಪ ಹಟ ಮಾಡ್ತಾರೆ. ನೀವು ಅವರ ಹತ್ತಿರ ಮಾತಾಡೋದು ಬೇಡ, ಕೆಡುತ್ತೆ. ನಾನು ಹೇಳಿ ಒಪ್ಪಿಸ್ತೀನಿ, ನೀವು ಇಲ್ಲೊಂದು ಸಹಿ ಹಾಕಿ ಸಾಕು" ಎನ್ನುತ್ತಿದ್ದ. ನಾನೂ ಸಹಿ ಹಾಕಲು ತಯಾರಾಗಿದ್ದೆ. ನಿವೃತ್ತಿ ಹತ್ತಿರ ಬಂತು, ಯಾರಿಗೆ ಬೇಕು ಈ ರಗಳೆ ಎಂದು.

1799ರ ಆ ಮೂರನೆಯ ಷರತ್ತನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾಹುಕಾರನ ಮಾತು, ದಲ್ಲಾಳಿಯ ಮಾತು, ವೆಲ್ಲೆಸ್ಲಿಯ ಕಾಗದದ ಮಾತು, ಮೂರೂ ಒಂದೇ. ನಿಮ್ಮ ನಡುವೆ ನೀವು ಮಾತಾಡಬೇಡಿ, ನನ್ನ ಮೂಲಕ ಮಾತಾಡಿ. ಲಕ್ಷ್ಮಮ್ಮಣ್ಣಿಗಾದರೋ ಬೇರೆ ಬಾಗಿಲಿರಲಿಲ್ಲ. ನನಗೇನಾಗಿತ್ತು? ರಾಯದುರ್ಗಕ್ಕೆ ಬಸ್ಸಿಲ್ಲವೇ? ಇಷ್ಟು ವರ್ಷ ಮಕ್ಕಳಿಗೆ ಮಂಗನ ಕತೆ ಹೇಳಿದವಳು ನಾನು, ಬೆಕ್ಕಾಗಿ ಕೂತದ್ದು ನಾನೇ.

ಮರುವಾರದ ಶನಿವಾರ ಬೆಳಗಿನ ಶಾಲೆ ಮುಗಿಸಿ ಬಸ್ಸು ಹತ್ತಿದೆ. ಮೊಳಕಾಲ್ಮುರಿನಲ್ಲಿ ಇಳಿದು ಬೇರೆ ಬಸ್ಸು. ಸ್ವಲ್ಪ ದೂರಕ್ಕೆ ಬೋರ್ಡುಗಳು ತೆಲುಗಿಗೆ ತಿರುಗಿದವು. ಅದೇ ಜಾಲಿ, ಅದೇ ಬಂಡೆಗುಡ್ಡ, ಅದೇ ಬಿಸಿಲು. ಗೆರೆ ಎಲ್ಲಿ ಬಂತು, ಎಲ್ಲಿ ಹೋಯಿತು, ಕಣ್ಣಿಗೆ ಕಾಣಲಿಲ್ಲ.

ಮನೆ ಹುಡುಕಿ ಬಾಗಿಲಲ್ಲಿ ನಿಂತೆ. ಅವಳು ಒಳಗಿನಿಂದ ಬಂದು ಸ್ವಲ್ಪ ಹೊತ್ತು ನೋಡಿದಳು. ಅವಳ ತಲೆಯೂ ಬೆಳ್ಳಗಾಗಿದೆ.

"ಬಾರಕ್ಕ. ಬಿಸಿಲಲ್ಲಿ ಬಂದೀಯ. ಮೊದಲು ನೀರು ಕುಡಿ" ಎಂದಳು.

ಊಟಕ್ಕೆ ಕೂತಾಗ ಮಾತು ತೆಗೆದೆ. ದಲ್ಲಾಳಿ ಅವಳಿಗೂ ಬಂದು ಹೇಳಿದ್ದು ಅದನ್ನೇ. ಚಳ್ಳಕೆರೆಯ ಟೀಚರ್ ಬಹಳ ಹಟದವರು, ಅವರ ಹತ್ತಿರ ಮಾತಾಡಿದರೆ ಕೆಡುತ್ತದೆ, ಸಹಿ ಹಾಕಿ ಸಾಕು. ನನಗೆ ಹೇಳಿದ್ದ ಬೆಲೆ ಒಂದು, ಅವಳಿಗೆ ಹೇಳಿದ್ದ ಬೆಲೆ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಇಬ್ಬರಿಗೂ ನಗು ಬಂತು. ನಗುತ್ತ ನಗುತ್ತ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮನೆ ಮಾರುತ್ತೇವೋ ಇಟ್ಟುಕೊಳ್ಳುತ್ತೇವೋ ಇನ್ನೂ ತೀರ್ಮಾನವಾಗಿಲ್ಲ. ಆಗದೆಯೂ ಇರಬಹುದು. ನಮ್ಮಿಬ್ಬರ ಮಕ್ಕಳಿಗೆ ಅವರವರ ಲೆಕ್ಕಗಳಿವೆ, ಜಗಳ ಮತ್ತೆ ಹುಟ್ಟಲೂಬಹುದು. ಹುಟ್ಟಿದರೆ ನಾವೇ ಆಡುತ್ತೇವೆ.

ಮಸ್ಕತ್ತಿನ ಹುಡುಗನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. "ಅತ್ತೆ, ನಾನು ಕೇಳಿದ್ದು ಟಿಪ್ಪು ಅಂಗಡಿ ಬಗ್ಗೆ, ನೀವು ಹೋಗಿದ್ದು ರಾಯದುರ್ಗಕ್ಕಾ?" ಎಂದು ನಕ್ಕ.

"ಹೌದಪ್ಪ" ಎಂದೆ, "ದಾರಿ ಅದೇ."